‘ವ್ಯತ್ಯಾಸವೇ ಇಲ್ಲ’ ಎಂದ ಪಾಠ ಸೋತದ್ದೆಲ್ಲಿ: ಒಂಬತ್ತನೇ ತರಗತಿಯೊಂದರ ಪ್ರಕರಣ ಅಧ್ಯಯನ

ಕಲ್ಯಾಣ ಕರ್ನಾಟಕದ ಒಂದು ಹೋಬಳಿ ಕೇಂದ್ರದಲ್ಲಿರುವ ಸರ್ಕಾರಿ ಪ್ರೌಢಶಾಲೆಯ ಪ್ರಕರಣವಿದು. ಊರು, ಶಾಲೆ, ಮಕ್ಕಳು, ಶಿಕ್ಷಕರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದೆ. ಹದಿಹರೆಯದವರಿಗೆ ಗಂಡು–ಹೆಣ್ಣಿನ ವ್ಯತ್ಯಾಸ ಮತ್ತು ಅದರ ಸುತ್ತ ಬೆಳೆದ ಸಿದ್ಧ ನಂಬಿಕೆಗಳ ಬಗ್ಗೆ ಪಾಠ ಮಾಡಬೇಕೆಂದಿರುವ ಶಿಕ್ಷಕರಿಗೆ ಇಲ್ಲಿನ ನಿರ್ಧಾರಗಳು, ಎಡವಿದ ಜಾಗಗಳು ಉಪಯೋಗಕ್ಕೆ ಬರುತ್ತವೆ.

ಹಿನ್ನೆಲೆ

ಸುತ್ತಲಿನ ಹಳ್ಳಿಗಳಿಂದ ಬಸ್ಸು, ಸೈಕಲ್ಲು, ಟಂಟಂಗಳಲ್ಲಿ ಬರುವ ಮಕ್ಕಳು. ಹೆಚ್ಚಿನವು ಜೋಳ, ತೊಗರಿ, ಹತ್ತಿ ಬೆಳೆಯುವ ಒಣಬೇಸಾಯದ ಮನೆಗಳು. ಸುಗ್ಗಿ ಮುಗಿದ ಮೇಲೆ ಕೆಲವರ ತಂದೆತಾಯಿ ಗುಳೆ ಹೋಗುತ್ತಾರೆ. ಒಂಬತ್ತನೇ ತರಗತಿಯಲ್ಲಿ ನಲವತ್ತಕ್ಕೆ ತುಸು ಮೇಲ್ಪಟ್ಟು ಮಕ್ಕಳಿದ್ದು ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಅಂಕಗಳಲ್ಲಿ ಅವರೇ ಮುಂದು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯದಾದ್ಯಂತ ವರ್ಷವರ್ಷವೂ ಕಾಣುವುದೇ ಇಲ್ಲಿಯೂ ಇತ್ತು.

ಅಂಕಪಟ್ಟಿ ಬಿಟ್ಟು ಶಾಲೆಯ ದಿನಚರಿಯನ್ನು ನೋಡಿದರೆ ಚಿತ್ರ ಬೇರೆ. ತರಗತಿ ಗುಡಿಸುವುದು, ರಂಗೋಲಿ ಹಾಕುವುದು, ಅತಿಥಿಗಳಿಗೆ ಚಹಾ ಕೊಡುವುದು ಹುಡುಗಿಯರ ಪಾಲು. ಗಂಟೆ ಹೊಡೆಯುವುದು, ಬೆಂಚು ಎತ್ತುವುದು, ಪೇಟೆಗೆ ಹೋಗಿ ಬರುವುದು ಹುಡುಗರದು. ಪ್ರಯೋಗಾಲಯದಲ್ಲಿ ಪ್ರನಾಳ, ಬ್ಯಾಟರಿ, ತಂತಿ ಹುಡುಗರ ಕೈಯಲ್ಲಿ, ಪ್ರಯೋಗದ ದಾಖಲೆ ಹುಡುಗಿಯರ ಕೈಯಲ್ಲಿ. ಆಟದ ಅವಧಿಯಲ್ಲಿ ಮೈದಾನವೆಲ್ಲ ಕ್ರಿಕೆಟ್ಟಿಗೆ, ಹುಡುಗಿಯರು ಬೇವಿನ ಮರದ ಕಟ್ಟೆಗೆ. ಹೀಗೇ ಮಾಡಿ ಎಂದು ಯಾರೂ ಆದೇಶ ಕೊಟ್ಟಿರಲಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಮಸ್ಯೆ ಎದ್ದು ಬಂದ ರೀತಿ

ಪ್ರತಿಭಾ ಕಾರಂಜಿಯ ರಂಗೋಲಿ ಸ್ಪರ್ಧೆಗೆ ಒಬ್ಬ ಹುಡುಗ ಹೆಸರು ಕೊಟ್ಟ. ಶಾಲಾ ಹಂತದಲ್ಲಿ ಅವನದೇ ಮೊದಲ ಸ್ಥಾನ. ಕ್ಲಸ್ಟರ್ ಹಂತದ ಸ್ಪರ್ಧೆಗೆ ಮುಂಚೆ ಅವನನ್ನು ‘ಹೆಣ್ಣಿಗ’ ಎಂದು ಕರೆಯುವುದು ಶುರುವಾಯಿತು. ಮೊದಲು ಬಸ್ಸಿನಲ್ಲಿ, ಆಮೇಲೆ ತರಗತಿಯಲ್ಲಿ, ಕೊನೆಗೆ ಕರಿಹಲಗೆಯ ಮೇಲೆ. ಅವನು ಹೆಸರು ಹಿಂತೆಗೆದುಕೊಂಡು ಒಂದು ವಾರ ಶಾಲೆಗೇ ಬರಲಿಲ್ಲ. ಅದೇ ದಿನಗಳಲ್ಲಿ ಕಬಡ್ಡಿ ಚೆನ್ನಾಗಿ ಆಡುವ ಹುಡುಗಿಗೆ ‘ಗಂಡುಬೀರಿ’ ಎಂಬ ಹೆಸರು ಅಂಟಿತು. ಅದನ್ನು ಹೆಚ್ಚಾಗಿ ಬಳಸಿದವರು ಹುಡುಗಿಯರೇ.

ಮೊದಲ ಎರಡು ಪ್ರಯತ್ನಗಳು

ಮೊದಲು ಹೊರಗಿನ ಸಂಪನ್ಮೂಲ ವ್ಯಕ್ತಿಯೊಬ್ಬರಿಂದ ಉಪನ್ಯಾಸ ಏರ್ಪಾಡಾಯಿತು. ಗಂಡು, ಹೆಣ್ಣು ಸಮಾನರು, ಇಬ್ಬರ ನಡುವೆ ವ್ಯತ್ಯಾಸವೇ ಇಲ್ಲ, ಎಲ್ಲವೂ ಸಮಾಜ ಹುಟ್ಟಿಸಿದ್ದು ಎಂಬುದು ಅದರ ಸಾರ. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಫರಕ ಇಲ್ಲ ಅಂದ್ರ ಓಟದ ಸ್ಪರ್ಧಾ ಯಾಕ್ರೀ ಸರ ಬ್ಯಾರೆ ಬ್ಯಾರೆ ಇಡ್ತಾರ?” ಎಂದು ಕೇಳಿದ. ಉತ್ತರದ ಬದಲು ಅವನಿಗೆ ಶಿಸ್ತಿನ ಪಾಠ ಸಿಕ್ಕಿತು. ಇಡೀ ಪ್ರಕರಣದ ಮೊದಲ ತಿರುವು ಇದೇ. ಆ ಪ್ರಶ್ನೆಯಲ್ಲಿ ಉಡಾಫೆ ಇರಲಿಲ್ಲ. ಹದಿನಾಲ್ಕರ ಮಕ್ಕಳು ತಮ್ಮ ದೇಹ ಬದಲಾಗುವುದನ್ನು ದಿನವೂ ಕಾಣುತ್ತಿರುತ್ತಾರೆ. ಕಣ್ಣೆದುರಿಗಿರುವುದನ್ನೇ ಇಲ್ಲ ಎಂದರೆ ಮಿಕ್ಕ ಮಾತನ್ನೂ ಅವರು ನಂಬುವುದಿಲ್ಲ.

ಎರಡನೆಯದು ‘ಹೆಣ್ಣು ಮೇಲೋ ಗಂಡು ಮೇಲೋ’ ಎಂಬ ಚರ್ಚಾ ಸ್ಪರ್ಧೆ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಇದು ಹಾನಿಯನ್ನೇ ಮಾಡಿತು. ತಂಡ ಕಟ್ಟಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಕಡೆಯ ವಕೀಲರಾದರು. ಹುಡುಗರ ಕಡೆಯವರೆಂದು ಎದ್ದು ಮಾತಾಡಿದ ಇಬ್ಬರು, ಮನೆಯಲ್ಲಿ ಅಕ್ಕಂದಿರ ಓದಿಗಾಗಿ ತಾವೇ ಅಪ್ಪನ ಜೊತೆ ವಾದ ಮಾಡಿದವರು ಎಂಬುದು ಶಿಕ್ಷಕರಿಗೆ ಬಹಳ ತಡವಾಗಿ ತಿಳಿಯಿತು. ಈ ವಿಷಯದಲ್ಲಿ ಹುಡುಗರು–ಹುಡುಗಿಯರೆಂದು ತಂಡ ಮಾಡಿ ಸ್ಪರ್ಧೆ ಇಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೊಸ ಯೋಜನೆ: ಇರುವ ವ್ಯತ್ಯಾಸವನ್ನು ಒಪ್ಪಿ, ಅಳೆದು ನೋಡುವುದು

ವಿಜ್ಞಾನದ ಶಿಕ್ಷಕಿ, ದೈಹಿಕ ಶಿಕ್ಷಕ ಮತ್ತು ಕನ್ನಡದ ಶಿಕ್ಷಕಿ ಸೇರಿ ನಲವತ್ತು ನಿಮಿಷದ ಎಂಟು ಅವಧಿಗಳನ್ನು ಯೋಜಿಸಿದರು, ವಾರಕ್ಕೊಂದರಂತೆ. ಶುರು ಮಾಡುವ ಮುಂಚೆ ಒಂದು ಒಳ್ಳೆಯ ನಿರ್ಧಾರವಾಯಿತು. ಮಕ್ಕಳ ಅಭಿಪ್ರಾಯ ಕೇಳುವ ಪ್ರಶ್ನಾವಳಿ ಬೇಡ, ನಡವಳಿಕೆಯನ್ನೇ ಎಣಿಸೋಣ ಎಂದು. ‘ಹುಡುಗರೂ ಕಸ ಗುಡಿಸಬೇಕೇ?’ ಎಂದು ಬರೆದು ಕೇಳಿದರೆ ಎಲ್ಲರೂ ಹೌದೆಂದೇ ಬರೆಯುತ್ತಾರೆ. ಶಿಕ್ಷಕರಿಗೆ ಯಾವ ಉತ್ತರ ಬೇಕೆಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಮೂರು ಗುರುತುಪಟ್ಟಿಗಳು ಮಾತ್ರ: ಪೊರಕೆ ಹಿಡಿದವರು ಯಾರು, ಪ್ರಯೋಗದಲ್ಲಿ ಉಪಕರಣ ಮುಟ್ಟಿದವರು ಯಾರು, ಆಟದ ಅವಧಿಯಲ್ಲಿ ಓಡಿದವರು ಯಾರು. ಎರಡು ವಾರ ಗೆರೆ ಎಳೆದು ಎಣಿಸಿ, ಆಮೇಲೆ ಪಾಠ.

ಮೊದಲ ಅವಧಿ ಚೀಟಿ ವಿಂಗಡಣೆ. ನಾಲ್ಕೈದು ಮಕ್ಕಳ ಮಿಶ್ರ ಗುಂಪಿಗೆ ಇಪ್ಪತ್ತನಾಲ್ಕು ಚೀಟಿ: ‘ಮುಟ್ಟಾಗುತ್ತಾರೆ’, ‘ದನಿ ಒಡೆಯುತ್ತದೆ’, ‘ಕಳೆ ತೆಗೆಯುತ್ತಾರೆ’, ‘ಕುಂಟೆ ಹೊಡೆಯುತ್ತಾರೆ’, ‘ಅಳುವುದಿಲ್ಲ’, ‘ಅಡುಗೆ ಮಾಡುತ್ತಾರೆ’, ‘ಗಣಿತ ಹತ್ತುವುದಿಲ್ಲ’, ‘ಬಟ್ಟೆ ಹೊಲಿಯುತ್ತಾರೆ’ ಇತ್ಯಾದಿ. ಅವನ್ನು ‘ದೇಹದ್ದು’, ‘ರೂಢಿಯದ್ದು’, ‘ನೋಡಿ ಹೇಳಬೇಕು’ ಎಂಬ ಮೂರು ರಾಶಿಗಳಲ್ಲಿ ಇಡಬೇಕು. ಮೂರನೆಯ ರಾಶಿ ಇಲ್ಲದಿದ್ದರೆ ಈ ಆಟ ಕೆಡುತ್ತದೆ. ಎರಡೇ ಆಯ್ಕೆ ಕೊಟ್ಟಾಗ ಮಕ್ಕಳು ಊಹೆಯನ್ನು ಸತ್ಯವೆಂದು ಹಿಡಿದು ಜಗಳಕ್ಕೆ ಇಳಿಯುತ್ತಾರೆ.

ಅಡುಗೆಯ ಚೀಟಿ ಹೆಂಗಸರ ಕೆಲಸವೆಂದು ‘ರೂಢಿಯದ್ದು’ ರಾಶಿಗೆ ಬಿದ್ದಾಗ ಒಬ್ಬ ಹುಡುಗಿ ತಕರಾರು ತೆಗೆದಳು: “ಮದುವ್ಯಾಗ ಸಾವಿರ ಮಂದಿಗೆ ಅಡಗಿ ಮಾಡೋರು ಗಂಡಸರ ಅದಾರಲ್ರೀ ಟೀಚರ್.” ಮತ್ತೊಬ್ಬರು ದರ್ಜಿ ಅಂಗಡಿಯ ಮಾತು ತೆಗೆದರು. ಮನೆಯಲ್ಲಿ ಹರಿದ ಬಟ್ಟೆ ಹೊಲಿಯುವವಳು ಅವ್ವ, ಪೇಟೆಯಲ್ಲಿ ಹೊಲಿದು ರೊಕ್ಕ ಎಣಿಸುವವನು ಅಣ್ಣ. ಕೂಲಿ ಸಿಗುವ ಜಾಗಕ್ಕೆ ಹೋದ ಕೂಡಲೇ ಅದೇ ಕೆಲಸ ಗಂಡಸರದಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಶಿಕ್ಷಕಿ ಮಾಡಿದ್ದು ಇಷ್ಟೇ: ಉಳಿದ ಚೀಟಿಗಳನ್ನು ಪಕ್ಕಕ್ಕಿಟ್ಟು ಮಿಕ್ಕ ಸಮಯವನ್ನೆಲ್ಲ ಈ ಒಂದಕ್ಕೇ ಬಿಟ್ಟುಕೊಟ್ಟರು.

ಎರಡು ಮತ್ತು ಮೂರನೆಯ ಅವಧಿ ಅಳತೆಗೆ. ನಮ್ಮ ದೃಷ್ಟಿಯಲ್ಲಿ ಇಡೀ ಯೋಜನೆಯ ಬೆನ್ನೆಲುಬು ಇದೇ, ಆದ್ದರಿಂದ ವಿವರವಾಗಿ ಹೇಳಬೇಕು. ಅಳೆಯಲು ಮೂರು ಸಂಗತಿ ಆರಿಸಿದರು: ಎತ್ತರ, ನಿಂತಲ್ಲಿಂದ ಮುಂದಕ್ಕೆ ಜಿಗಿಯುವ ದೂರ, ಒಮ್ಮೆ ಓದಿ ಹೇಳಿದ ಹದಿನೈದು ಪದಗಳಲ್ಲಿ ನೆನಪಿಟ್ಟು ಬರೆದವು ಎಷ್ಟು. ತೂಕ ಬೇಡವೆಂದು ಮೊದಲೇ ತೀರ್ಮಾನ, ಅದು ಗೇಲಿಗೆ ದಾರಿ. ಪ್ರತಿಯೊಬ್ಬರೂ ತಮ್ಮ ಅಳತೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು, ಹುಡುಗಿಯಾದರೆ ಸುತ್ತು, ಹುಡುಗನಾದರೆ ತ್ರಿಕೋನ ಹಾಕಿ ಡಬ್ಬಿಗೆ ಹಾಕಬೇಕು. ಆಮೇಲೆ ವರಾಂಡದ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ 130ರಿಂದ 180 ಸೆಂಟಿಮೀಟರಿನವರೆಗೆ ಗೆರೆ, ಐದೈದು ಸೆಂಟಿಮೀಟರಿಗೆ ಒಂದು ಮನೆ. ಪ್ರತಿ ಚೀಟಿಗೂ ಅದರ ಮನೆಯಲ್ಲಿ ಒಂದು ಬೀಜ: ಹುಡುಗಿಗೆ ಹುಣಸೆ ಬೀಜ, ಹುಡುಗನಿಗೆ ಕಡಲೆ. ಎರಡೂ ರಾಶಿ ಒಂದರ ಮೇಲೊಂದು ಹಾಯ್ದು ಹೋಗುವುದು ಕಣ್ಣಿಗೇ ಕಾಣುತ್ತದೆ.

ಈ ವಯಸ್ಸಿನಲ್ಲಿ ಎತ್ತರದ ರಾಶಿಗಳು ಬಹಳ ಬೆರೆತಿರುತ್ತವೆ, ಅದಕ್ಕೆ ಕಾರಣವಿದೆ. ಹುಡುಗಿಯರ ಬೆಳವಣಿಗೆಯ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮುಂಚೆ ಬರುತ್ತದೆ. ಎಂಟನೇ ತರಗತಿಯಲ್ಲಿ ಎಷ್ಟೋ ಹುಡುಗಿಯರು ಎತ್ತರ, ಹತ್ತು ಮುಗಿಯುವ ಹೊತ್ತಿಗೆ ಹುಡುಗರು ದಾಟಿರುತ್ತಾರೆ. ಜಿಗಿತದಲ್ಲಿ ಕಡಲೆಯ ರಾಶಿ ಸ್ಪಷ್ಟವಾಗಿ ಮುಂದಿತ್ತು. ಆದರೂ ಕಬಡ್ಡಿ, ಖೋಖೋ ಆಡುವ ಹುಡುಗಿಯರ ಬೀಜಗಳು ಅರ್ಧಕ್ಕಿಂತ ಹೆಚ್ಚು ಹುಡುಗರನ್ನು ದಾಟಿ ಕುಳಿತಿದ್ದವು. ನೆನಪಿನ ಅಳತೆಯಲ್ಲಿ ಎರಡು ರಾಶಿಗಳನ್ನು ಬೇರೆ ಮಾಡುವುದೇ ಆಗಲಿಲ್ಲ. ಆಗ ಶಿಕ್ಷಕಿ ಗುರುತು ಮುಚ್ಚಿ ಒಂದು ಚೀಟಿ ಎತ್ತಿದರು: “ನೂರ ಐವತ್ತೆರಡು ಸೆಂಟಿಮೀಟರ್. ಹುಡುಗನೋ ಹುಡುಗಿಯೋ?” ಹೇಳಲು ಯಾರಿಂದಲೂ ಆಗಲಿಲ್ಲ. ಗುಂಪಿನ ಸರಾಸರಿ ಗೊತ್ತಿದ್ದ ಮಾತ್ರಕ್ಕೆ ಎದುರಿಗಿರುವ ಒಬ್ಬರ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ ಎಂಬುದು ಹೀಗೆ ಮನದಟ್ಟಾಯಿತು.

ಓಟದ ಪ್ರಶ್ನೆಗೆ ದೈಹಿಕ ಶಿಕ್ಷಕ ಅಲ್ಲಿಯೇ ನೇರ ಉತ್ತರ ಕೊಟ್ಟರು. ಹದಿಹರೆಯಕ್ಕೆ ಮುಂಚೆ ಓಟ, ಜಿಗಿತದಲ್ಲಿ ಅಂತರ ಚಿಕ್ಕದು. ಆಮೇಲೆ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನಿಂದ ಹುಡುಗರ ಸ್ನಾಯು ಹೆಚ್ಚುತ್ತದೆ, ಅದಕ್ಕೇ ಸ್ಪರ್ಧೆಗಳು ಬೇರೆ. ಈ ವ್ಯತ್ಯಾಸ ನಿಜ. ಆದರೆ ಲೆಕ್ಕ ಬಿಡಿಸುವುದಕ್ಕೂ ಪಂಚಾಯಿತಿಯಲ್ಲಿ ಮಾತಾಡುವುದಕ್ಕೂ ತೊಡೆಯ ಸ್ನಾಯು ಬೇಕಿಲ್ಲ. ಮನಸ್ಸು, ಬುದ್ಧಿಗೆ ಸಂಬಂಧಿಸಿದ ಸಂಶೋಧನೆಯೂ ಹೆಚ್ಚುಕಡಿಮೆ ಇದನ್ನೇ ತೋರಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲಿ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 46 ವಿಶ್ಲೇಷಣೆಗಳನ್ನು ಪರಿಶೀಲಿಸಿದಾಗ, ಅಳೆದ ವ್ಯತ್ಯಾಸಗಳಲ್ಲಿ 78% ಬಹಳ ಚಿಕ್ಕವು ಅಥವಾ ಇಲ್ಲವೆನ್ನುವಷ್ಟು ಕಡಿಮೆ ಇದ್ದವು. ದೊಡ್ಡ ಅಂತರ ಕಂಡದ್ದು ಎಸೆತದಂಥ ದೈಹಿಕ ಕೌಶಲಗಳಲ್ಲಿ.

ಇದೇ ಹೊತ್ತಿಗೆ ಶಾಲೆಯ ಒಂದು ಹಳೆಯ ತೊಡಕೂ ಬಗೆಹರಿಯಿತು. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಹುಡುಗರು ಕಿಟಕಿಯಿಂದಾಚೆ ಎಸೆಯುತ್ತಿದ್ದರು, ‘ಅದು ಹುಡುಗ್ಯಾರ ಗುಳಿಗಿ’ ಎಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಸುಮಾರು 59%, ಹುಡುಗರಲ್ಲಿ ಸುಮಾರು 31% ಮಂದಿಗೆ ರಕ್ತಹೀನತೆ ಇದೆ. ಅಂತರ ದೊಡ್ಡದು, ಮುಟ್ಟು ಅದಕ್ಕೊಂದು ಕಾರಣ. ಹಾಗೆಂದು ಹತ್ತರಲ್ಲಿ ಮೂವರು ಹುಡುಗರ ಕಾಯಿಲೆಯನ್ನು ಹೆಣ್ಣಿನದೆಂದು ಕರೆದರೆ ನಷ್ಟ ಹುಡುಗರಿಗೇ. ರೂಢಿಯ ನಂಬಿಕೆ ತಮಗೂ ಕುತ್ತು ತರುತ್ತದೆ ಎಂದು ಹುಡುಗರಿಗೆ ಹೊಳೆದದ್ದು ಇಲ್ಲಿ. ಪಾಠ ತಮ್ಮ ಮೇಲಿನ ಆರೋಪಪಟ್ಟಿಯಲ್ಲ ಎಂದು ಅವರು ಅರಿತ ಮೇಲೆ ತರಗತಿಯ ಗಾಳಿಯೇ ಬದಲಾಯಿತು.

ದಿನಚರಿ ಹಾಳೆ, ಮತ್ತು ಶಾಲೆಗೆ ಬಂದ ತಂದೆ

ನಾಲ್ಕನೆಯ ಅವಧಿಗೆ ಮಕ್ಕಳು ಮನೆಯ ಎರಡು ದಿನದ ದಿನಚರಿ ತರಬೇಕಿತ್ತು. ಒಂದು ಶಾಲೆಯ ದಿನ, ಒಂದು ಭಾನುವಾರ. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸಾಲು, ತಾನು ಮತ್ತು ಮನೆಯ ದೊಡ್ಡವರೊಬ್ಬರು ಏನು ಮಾಡಿದರು ಎಂದು ಬರೆಯುವುದು. ಮೊದಲ ಸಲ ಬಂದ ಹಾಳೆಗಳು ಕೆಲಸಕ್ಕೆ ಬರಲಿಲ್ಲ. ತಾಯಿಯ ಸಾಲುಗಳಲ್ಲೆಲ್ಲ ‘ಮನೆಯಲ್ಲಿದ್ದಾರೆ’ ಎಂದಿತ್ತು. ಎರಡನೆಯ ಸಲ ಪ್ರಶ್ನೆಯನ್ನೇ ಬದಲಿಸಿ, ‘ಆ ಗಂಟೆಯಲ್ಲಿ ಅವರ ಕೈ ಏನು ಮಾಡುತ್ತಿತ್ತು?’ ಎಂದು ಕೇಳಿದರು. ಆಗ ನೀರು ತುಂಬಿದ್ದು, ರೊಟ್ಟಿ ಬಡಿದದ್ದು, ಸಗಣಿ ಬಳಿದದ್ದು, ಕೂಲಿಗೆ ಹೋಗಿ ಬಂದು ಮತ್ತೆ ಒಲೆ ಹಚ್ಚಿದ್ದು ಎಲ್ಲವೂ ಹಾಳೆಗೆ ಬಂದವು. ಆಮೇಲಷ್ಟೇ ದೇಶದ ಅಂಕಿ ತೋರಿಸಿದರು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. ಅಂಥ ಕೆಲಸಕ್ಕೆ ಕೈ ಹಚ್ಚುವ ಗಂಡಸರೇ ನಾಲ್ಕರಲ್ಲಿ ಒಬ್ಬರು.

ಎರಡನೇ ತಿರುವು ಇಲ್ಲಿ ಬಂತು. ಒಬ್ಬ ತಂದೆ ಶಾಲೆಗೆ ಬಂದು, “ನಮ್ಮ ಮನಿ ಪಂಚಾಯ್ತಿ ಸಾಲ್ಯಾಗ ಯಾಕ್ರೀ ಬೇಕು? ಹೊಲದಾಗ ನಾವು ಬಿಸಿಲಾಗ ಸಾಯೋದು ಯಾರು ಬರೀತಾರ?” ಎಂದು ಮುಖ್ಯ ಶಿಕ್ಷಕರೆದುರು ಗದ್ದಲ ಮಾಡಿದರು. ಕಾರ್ಯಕ್ರಮವನ್ನೇ ನಿಲ್ಲಿಸಿಬಿಡೋಣ ಎಂಬ ಮಾತು ಶಿಕ್ಷಕರ ಕೋಣೆಯಲ್ಲಿ ಬಂತು. ಮುಖ್ಯ ಶಿಕ್ಷಕರು ಹಾಗೆ ಮಾಡಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಆ ತಂದೆಯನ್ನೂ ಕರೆದು ಖಾಲಿ ಹಾಳೆ ತೋರಿಸಿದರು. ಹೆಸರು ಬರೆಯುವಂತಿಲ್ಲ, ಜಗಳ, ಕುಡಿತ, ಸಾಲದ ಮಾತು ಬರೆಯುವಂತಿಲ್ಲ, ಅವಧಿ ಮುಗಿದ ಮೇಲೆ ಹಾಳೆ ಮಗುವಿನ ಕೈಗೇ ವಾಪಸ್ ಎಂದು ವಿವರಿಸಿದರು. ತಂದೆಯ ದೂರಿನಲ್ಲಿ ನ್ಯಾಯವೂ ಇತ್ತು. ಹೆಚ್ಚಿನ ಮಕ್ಕಳು ದೊಡ್ಡವರೊಬ್ಬರು ಎಂದಲ್ಲಿ ತಾಯಿಯನ್ನೇ ಆರಿಸಿಕೊಂಡಿದ್ದರಿಂದ ಗಂಡಸರ ದುಡಿಮೆ ಹಾಳೆಯಲ್ಲೇ ಇರಲಿಲ್ಲ. ಮುಂದೆ ತಂದೆತಾಯಿ ಇಬ್ಬರದೂ ಬರೆಯುವಂತಾಯಿತು. ಹೊಲದ ಗಂಟೆಗಳು ಇಬ್ಬರಲ್ಲೂ ಕಂಡವು, ಒಲೆಯ ಗಂಟೆಗಳು ಒಬ್ಬರಲ್ಲಿ ಮಾತ್ರ. ಆ ಹಾಳೆಗೆ ಯಾರ ವಿವರಣೆಯೂ ಬೇಕಾಗಲಿಲ್ಲ.

ಐದನೆಯ ಅವಧಿ ಲಿಂಗ ನಿರ್ಧಾರದ ಪಾಠ, ಎಂಟನೇ ತರಗತಿಯ ವಿಜ್ಞಾನದಲ್ಲಿ ಇರುವಂಥದ್ದೇ. ತಾಯಿಯ ಡಬ್ಬಿಯಲ್ಲಿ ಎಕ್ಸ್ ಬರೆದ ಬೀಜಗಳು ಮಾತ್ರ, ತಂದೆಯ ಡಬ್ಬಿಯಲ್ಲಿ ಎಕ್ಸ್, ವೈ ಸಮವಾಗಿ. ಈ ಎಕ್ಸ್, ವೈ ಮಗುವಿನ ಲಿಂಗ ನಿರ್ಧರಿಸುವ ವರ್ಣತಂತುಗಳು: ಎರಡೂ ಎಕ್ಸ್ ಆದರೆ ಹೆಣ್ಣು, ಎಕ್ಸ್ ಜೊತೆ ವೈ ಬಂದರೆ ಗಂಡು. ಇಪ್ಪತ್ತು ಸಲ ಎತ್ತಿ ಬರೆದುಕೊಂಡರೆ ಸಾಕು, ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವುದು ತಪ್ಪೆಂದು ಗೊತ್ತಾಗುತ್ತದೆ. ‘ಹಾಗಾದರೆ ತಪ್ಪು ಅಪ್ಪನದು’ ಎಂಬ ತೀರ್ಮಾನ ಕೂಡಲೇ ಏಳುತ್ತದೆ, ಅದನ್ನೂ ಅಲ್ಲಿಯೇ ತಡೆಯಬೇಕು. ಡಬ್ಬಿಯಿಂದ ಯಾವ ಬೀಜ ಬರುವುದೆಂಬುದು ಯಾರ ಕೈಯಲ್ಲೂ ಇಲ್ಲ.

ಪ್ರಶ್ನೆ ಪೆಟ್ಟಿಗೆ

ಆರು ಮತ್ತು ಏಳನೆಯ ಅವಧಿ ಹುಡುಗರಿಗೆ, ಹುಡುಗಿಯರಿಗೆ ಪ್ರತ್ಯೇಕವಾಗಿ ನಡೆದವು. ಬೇರ್ಪಡಿಸಿದರೆ ಪಾಠದ ಉದ್ದೇಶಕ್ಕೇ ವಿರುದ್ಧವಲ್ಲವೇ ಎಂಬ ಪ್ರಶ್ನೆ ಎದ್ದಿತ್ತು. ಮುಟ್ಟಿನ ನೋವು, ಬಟ್ಟೆಗೆ ಕಲೆಯಾಗುವ ಭಯ, ಮೀಸೆ ಬಾರದ ಸಂಕಟ, ಕುಳ್ಳಗಿರುವ ಕೊರಗು ಇವನ್ನು ಮೊದಲ ಸಲ ಎಲ್ಲರೆದುರು ಆಡುವುದು ಈ ವಯಸ್ಸಿಗೆ ಕಷ್ಟ. ಎರಡು ಅವಧಿ ಬೇರೆ, ಕೊನೆಯದು ಒಟ್ಟಿಗೆ ಎಂಬ ತೀರ್ಮಾನ ಸರಿಯಾಗಿತ್ತು. ಚೀಟಿ ಎಲ್ಲರೂ ಹಾಕಲೇಬೇಕು, ಪ್ರಶ್ನೆ ಇಲ್ಲದವರು ‘ಇಲ್ಲ’ ಎಂದು ಬರೆದು ಹಾಕಬೇಕು. ಇಲ್ಲದಿದ್ದರೆ ಬರೆಯಲು ಪೆನ್ನು ತೆಗೆದವರೆಲ್ಲ ಗುರುತಿಗೆ ಬೀಳುತ್ತಾರೆ. ಯಾವುದಾದರೂ ಚೀಟಿಯಲ್ಲಿ ಮಗುವಿಗೆ ಲೈಂಗಿಕ ಕಿರುಕುಳವಾಗುತ್ತಿರುವ ಸುಳಿವು ಸಿಕ್ಕರೆ ಅದನ್ನು ಗುಟ್ಟಾಗಿ ಇಡಲು ಬರುವುದಿಲ್ಲ, 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು ಎಂಬುದನ್ನೂ ಪೆಟ್ಟಿಗೆ ಇಡುವ ಮುಂಚೆಯೇ ಹೇಳಿದರು. ಮಕ್ಕಳ ಸಹಾಯವಾಣಿ 1098 ಕರಿಹಲಗೆಯ ಮೂಲೆಯಲ್ಲಿತ್ತು.

ಹುಡುಗರ ಪೆಟ್ಟಿಗೆಯಲ್ಲಿ ಹೆಚ್ಚು ಬಂದದ್ದು ಅಳುವಿನ ಬಗ್ಗೆ. ಅಜ್ಜ ತೀರಿದಾಗ ಅತ್ತದ್ದಕ್ಕೆ ಬೈಸಿಕೊಂಡೆ, ಅದು ತಪ್ಪೇ ಎಂಬ ಪ್ರಶ್ನೆಯೂ ಇತ್ತು. ಇದಕ್ಕೆ ದೈಹಿಕ ಶಿಕ್ಷಕ ಉತ್ತರಿಸಿದ್ದು ಮುಖ್ಯವಾಯಿತು. ಸೀಟಿ ಊದಿ ಓಡಿಸುವ ಸರ್ ಬಾಯಿಂದ ‘ಅಳು ಬಂದರೆ ಅಳಬೇಕು’ ಎಂಬ ಮಾತು ಕೇಳಿದ್ದಕ್ಕೆ ಬೇರೆಯೇ ತೂಕ. ಎಲ್ಲಮ್ಮನ ಸೇವೆಗೆ ನಿಂತ ತೃತೀಯ ಲಿಂಗಿ ಜೋಗತಿಯರ ಬಗ್ಗೆಯೂ ಚೀಟಿಗಳು ಬಂದವು, ಈ ಸೀಮೆಯ ಮಕ್ಕಳು ಅವರನ್ನು ಜಾತ್ರೆಗಳಲ್ಲಿ ನೋಡಿ ಬೆಳೆದವರು. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳ ಗುರುತನ್ನು ಮಾನ್ಯ ಮಾಡಿದ್ದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದು, ಎರಡನ್ನೂ ಹೇಳಿ ಶಿಕ್ಷಕಿ ಮುಂದಿನ ಚೀಟಿಗೆ ಹೋದರು. ಅಷ್ಟು ಸಹಜವಾಗಿ ಹೇಳಿದ್ದೇ ಒಳ್ಳೆಯದಾಯಿತು.

ಶಾಲೆಯೇ ಬದಲಾಗಬೇಕಾದ ಜಾಗ

ಎಂಟನೆಯ ಅವಧಿಯಲ್ಲಿ ಮೊದಲಿನ ಮೂರು ಗುರುತುಪಟ್ಟಿಗಳನ್ನು ಮಕ್ಕಳ ಮುಂದಿಟ್ಟು, ಏನು ಮಾಡೋಣ ಎಂದು ಕೇಳಿದರು. ಗುಡಿಸುವ ಸರದಿ ಹಾಜರಿ ಸಂಖ್ಯೆಯ ಪ್ರಕಾರ ಎಂದಾಯಿತು. ಪ್ರಯೋಗಾಲಯದಲ್ಲಿ ನಾಲ್ವರ ಗುಂಪು, ನಾಲ್ಕು ಕೆಲಸ: ಉಪಕರಣ ಹಿಡಿಯುವವರು, ಅಳತೆ ಓದುವವರು, ಬರೆಯುವವರು, ತೊಳೆದಿಡುವವರು. ಪ್ರತಿ ಪ್ರಯೋಗಕ್ಕೂ ಕೆಲಸ ಒಂದು ಸ್ಥಾನ ಸರಿಯುತ್ತದೆ. ಸರದಿಯನ್ನು ಗೋಡೆಗೆ ಅಂಟಿಸದೆ ಬಾಯಿಮಾತಿಗೆ ಬಿಟ್ಟ ವಾರಗಳಲ್ಲಿ ಎರಡೇ ಪ್ರಯೋಗಗಳೊಳಗೆ ಎಲ್ಲವೂ ಮೊದಲಿನಂತಾಗುತ್ತಿತ್ತು.

ಮೈದಾನದ ಸಮಸ್ಯೆ ಗಟ್ಟಿಯಾಗಿತ್ತು. ದಿನ ಬಿಟ್ಟು ದಿನ ಹುಡುಗಿಯರಿಗೆ ಎಂದು ಬಿಟ್ಟುಕೊಟ್ಟರೂ ಅವರು ಕಟ್ಟೆ ಬಿಟ್ಟು ಏಳಲಿಲ್ಲ. ‘ಅವಕಾಶ ಕೊಟ್ಟರೂ ಆಡುವುದಿಲ್ಲ’ ಎಂದು ಕೈ ಚೆಲ್ಲುವುದು ಸುಲಭವಿತ್ತು. ಕನ್ನಡದ ಶಿಕ್ಷಕಿ ಕೂತು ಕೇಳಿದಾಗ ಕಾರಣಗಳು ಒಂದೊಂದಾಗಿ ಬಂದವು. ಓಡಿದರೆ ಜಾರುವ ವೇಲು, ಬೇಲಿಯ ಮೇಲೆ ಕೂತು ಕೂಗುವ ಹುಡುಗರು, ನೀರಿಲ್ಲದ ಶೌಚಾಲಯ. ಆಟಕ್ಕೆ ವೇಲು ಬೇಡ ಎಂದಾಯಿತು, ಡ್ರಮ್ಮಿನಲ್ಲಿ ನೀರು ತುಂಬಿಸುವ ಏರ್ಪಾಡಾಯಿತು. ಮೊದಲ ಹದಿನೈದು ನಿಮಿಷ ಎಲ್ಲರೂ ಸೇರಿ ಲಗೋರಿ ಅಥವಾ ಖೋಖೋ, ದೈಹಿಕ ಶಿಕ್ಷಕ ಮೈದಾನದಲ್ಲೇ ಇರಬೇಕು ಎಂಬ ನಿಯಮ ಬಂತು. ತಿಂಗಳೊಳಗೆ ಕಟ್ಟೆ ಬಹುಪಾಲು ಖಾಲಿಯಾಯಿತು.

ಏನು ಬದಲಾಯಿತು, ಏನು ಆಗಲಿಲ್ಲ

ರಂಗೋಲಿಯ ಹುಡುಗನನ್ನು ವೇದಿಕೆಗೆ ಕರೆದು ಸನ್ಮಾನಿಸೋಣ ಎಂದು ಕೆಲವರು ಹೇಳಿದ್ದರು. ಹಾಗೆ ಮಾಡಿದರೆ ಅವನ ಹಣೆಗೆ ಇನ್ನೊಂದು ಚೀಟಿ ಅಂಟುತ್ತದೆ ಎಂದು ಕನ್ನಡದ ಶಿಕ್ಷಕಿ ತಡೆದರು, ಅದು ಈ ಪ್ರಕರಣದ ಅತಿ ಸೂಕ್ಷ್ಮ ನಿರ್ಧಾರ. ಬದಲಿಗೆ ಗಣಿತದಲ್ಲಿ ಸಮಮಿತಿ ಕಲಿಸುವಾಗ ಎಲ್ಲರಿಂದಲೂ ಚುಕ್ಕಿ ರಂಗೋಲಿ ಬಿಡಿಸಿದರು. ಅವನು ಒಂದು ಗುಂಪಿಗೆ ಹೇಳಿಕೊಟ್ಟ, ಅಷ್ಟೇ. ಮುಂದಿನ ವರ್ಷದ ಕಾರಂಜಿಯಲ್ಲಿ ಅವನು ಆರಿಸಿಕೊಂಡದ್ದು ಮಣ್ಣಿನ ಮಾದರಿಯನ್ನು, ರಂಗೋಲಿಯನ್ನಲ್ಲ. ಯಾರೂ ಒತ್ತಾಯಿಸಲಿಲ್ಲ.

ತರಗತಿಯಲ್ಲಿ ಅಡ್ಡಹೆಸರು ನಿಂತಿತು, ಬಸ್ಸಿನಲ್ಲಿ ನಿಲ್ಲಲಿಲ್ಲ. ಅಲ್ಲಿ ಕಾಲೇಜಿನ ಹುಡುಗರೂ ಇರುತ್ತಾರೆ. ವರ್ಷದ ಕೊನೆಯ ಎಣಿಕೆಯಲ್ಲಿ ಪೊರಕೆ ಮತ್ತು ಉಪಕರಣ ಎರಡೂ ಬಹುಮಟ್ಟಿಗೆ ಸಮವಾಗಿದ್ದವು. ಕೆಲವು ಹುಡುಗರು ಮನೆಯಲ್ಲಿ ನೀರು ತರುವುದು, ಪಾತ್ರೆ ತೊಳೆಯುವುದು ಶುರುಮಾಡಿದ್ದನ್ನು ತಾಯಂದಿರ ಸಭೆಯಲ್ಲಿ ತಾಯಂದಿರೇ ಹೇಳಿದರು. ಕಬಡ್ಡಿಯ ಹುಡುಗಿ ತಾಲ್ಲೂಕು ಮಟ್ಟದಲ್ಲಿ ಗೆದ್ದಳು. ಜಿಲ್ಲಾ ಮಟ್ಟಕ್ಕೆ ರಾತ್ರಿ ಉಳಿಯಬೇಕಿತ್ತು, ಮನೆಯವರು ಕಳಿಸಲಿಲ್ಲ.

ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದನ್ನು ಇದರ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಎರಡೂವರೆ ವರ್ಷ ತರಗತಿ ಚರ್ಚೆಗಳು ನಡೆದ ಮೇಲೆ ಅಸಮಾನತೆಯನ್ನು ಒಪ್ಪುವ ಧೋರಣೆಗಳಲ್ಲಿ 16% ಬದಲಾದವು. ಕಾರ್ಯಕ್ರಮ ಮುಗಿದ ಎರಡು ವರ್ಷದ ನಂತರವೂ ಆ ಬದಲಾವಣೆ ಉಳಿದಿತ್ತು. ನಡವಳಿಕೆಯಲ್ಲಿ ಮಾತ್ರ ಹುಡುಗರಲ್ಲಿ ಕಂಡಷ್ಟು ಬದಲಾವಣೆ ಹುಡುಗಿಯರಲ್ಲಿ ಕಾಣಲಿಲ್ಲ. ಕಬಡ್ಡಿಯ ಹುಡುಗಿಯನ್ನು ನೋಡಿದರೆ ಕಾರಣ ಅರ್ಥವಾಗುತ್ತದೆ. ಪೊರಕೆ ಹಿಡಿಯಲು ಹುಡುಗ ಮನಸ್ಸು ಮಾಡಿದರೆ ಸಾಕು, ಜಿಲ್ಲಾ ಕೇಂದ್ರಕ್ಕೆ ಹೋಗಲು ಹುಡುಗಿ ಮನಸ್ಸು ಮಾಡಿದರೆ ಸಾಲದು.

ಇದರಿಂದಾಗಿ ಮುಂದಿನ ತಂಡಕ್ಕೆ ಕ್ರಮ ಬದಲಾಗಿದೆ. ಕೆಲಸ ಒಂಬತ್ತರ ಬದಲು ಎಂಟನೇ ತರಗತಿಯಲ್ಲೇ ಶುರು. ದಿನಚರಿ ಹಾಳೆ ಮಕ್ಕಳ ಕೈಗೆ ಹೋಗುವ ಮುಂಚೆ ಪೋಷಕರ ಸಭೆಯಲ್ಲಿ ಓದಿ ಹೇಳಲಾಗುತ್ತದೆ. ಕ್ರೀಡಾಕೂಟಕ್ಕೆ ಹುಡುಗಿಯರನ್ನು ಕರೆದೊಯ್ಯುವಾಗ ಶಿಕ್ಷಕಿಯೊಬ್ಬರು ಮತ್ತು ಒಬ್ಬ ತಾಯಿ ಜೊತೆಗಿರುತ್ತಾರೆ, ಉಳಿಯುವ ಜಾಗದ ವಿಳಾಸ, ಫೋನ್ ಸಂಖ್ಯೆ ವಾರ ಮುಂಚೆಯೇ ಬರಹದಲ್ಲಿ ಮನೆಗೆ ತಲುಪುತ್ತದೆ. ಆ ಜೊತೆಗೆ ಹೋಗುವ ತಾಯಿಯ ಒಂದು ದಿನದ ಕೂಲಿಯನ್ನು ಎಲ್ಲಿಂದ ಕೊಡುವುದು ಎಂಬುದು ಎಸ್‌ಡಿಎಂಸಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿದೆ.